ಅಲುಗದ ಕೈ

ಮಿಲಿಂದ, ಅವತ್ತು ನಿನ್ನ ಕೈ ಅಲುಗಿರಲಿಲ್ಲ.

ಅಲುಗಿತ್ತು ಎಂದು ಹೇಳಿದವನು ನಾನು. ಮೊದಲು ಸಾಹೇಬರ ಮುಂದೆ ಹೇಳಿದೆ, ಆಮೇಲೆ ಹೊರಗೆ ಬಂದು ನಿನ್ನ ಮುಖ ನೋಡಿಕೊಂಡೇ ಹೇಳಿದೆ. ಎರಡು ಸಲವೂ ಸುಳ್ಳು. ಹದಿನಾಲ್ಕು ವರ್ಷವಾಯಿತು — ಇಷ್ಟು ವರ್ಷ ನೀನು ಆ ಸುಳ್ಳನ್ನು ನಿಜವೆಂದು ನಂಬಿ ಬದುಕಿದೆ, ನಾನು ಅದು ಸುಳ್ಳೆಂದು ಗೊತ್ತಿದ್ದೂ ಬದುಕಿದೆ. ಇಬ್ಬರಲ್ಲಿ ಯಾರ ಬದುಕು ಕೆಟ್ಟಿತು ಎಂದು ಯಾರೂ ಕೇಳಬೇಕಾಗಿಲ್ಲ. ನಿನ್ನದೇ. ನನಗೆ ಪೆನ್ಶನ್ ಬರುತ್ತದೆ.

ಈ ಕಾಗದ ನಿನಗೆ. ಆದರೆ ಇದರ ಒಂದು ಪ್ರತಿ ನಾವು ಕೆಲಸ ಮಾಡಿದ ಸ್ಥಾವರದ ಕಚೇರಿಗೆ, ಇನ್ನೊಂದು ಪ್ರತಿ ಲೈಸೆನ್ಸ್ ನವೀಕರಿಸುವ ಸಮಿತಿಗೆ ಹೋಗುತ್ತದೆ. ಅಲ್ಲಿ ಈಗ ಕುಳಿತವರಿಗೆ ನೀನು ಯಾರು, ನಾನು ಯಾರು, ಒಂದೂ ಗೊತ್ತಿಲ್ಲ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. "ಗೊತ್ತಿದ್ದದ್ದನ್ನ ಎಷ್ಟ ಸಲ ಹೇಳ್ತಿಯೋ ಬಸೂ" ಎಂದು ರೇಗಬೇಡ, ಸ್ವಲ್ಪ ತಡೆದುಕೊಂಡು ಓದು.

ನಾನು ಕಬ್ಬೂರಿನ ಕುರಿ ಕಾಯುವವರ ಮನೆಯವನು. ನೀನು ಜುಗೂಳದವನು, ನಿಮ್ಮಪ್ಪ ಕೃಷ್ಣಾ ನದಿಯ ದಂಡೆಯ ಹೊಲಗಳಲ್ಲಿ ಕೂಲಿ ಮಾಡಿ ನಿನ್ನನ್ನು ಓದಿಸಿದ. ಐಟಿಐ ಮುಗಿಸಿ, ಊರಿನಿಂದ ಎರಡು ದಿನದ ದಾರಿಯ ಆ ಅಣುವಿದ್ಯುತ್ ಸ್ಥಾವರದಲ್ಲಿ ನಾವು ಒಬ್ಬರಿಗೊಬ್ಬರು ಸಿಕ್ಕಾಗ ನಿನಗೆ ಮೂವತ್ತರ ಆಸುಪಾಸು, ನನಗೆ ನಲವತ್ತು ದಾಟಿತ್ತು. ಕ್ಯಾಂಟೀನಿನಲ್ಲಿ ಯಾರೋ ಹಿಂದಿನಿಂದ "ಅಲ್ರಿ, ಈ ಸಾರಿನ್ಯಾಗ ಖಾರ ಐತೊ, ನೀರ ಐತೊ" ಎಂದದ್ದು ಕೇಳಿ ತಿರುಗಿ ನೋಡಿದೆ. ನೀನಿದ್ದೆ. ಅಷ್ಟು ದೂರದಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂದಿತ್ತು — ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಆಗ ಖಾರದ ಹೆಸರು ಹೇಳಿ ತಪ್ಪಿಸಿಕೊಂಡಿದ್ದೆ.

ನಮ್ಮ ಕೆಲಸ ಪೈಪಿನ ದಪ್ಪ ಅಳೆಯುವುದು. ಬಿಸಿನೀರು ವರ್ಷಗಟ್ಟಲೆ ಹರಿದು ಪೈಪು ಒಳಗಿನಿಂದ ಸವೆಯುತ್ತದೆ, ಬಾಗುವ ಜಾಗದಲ್ಲಿ ಇನ್ನಷ್ಟು ಸವೆಯುತ್ತದೆ. ಹೊರಗಿನಿಂದ ಎಷ್ಟು ನೋಡಿದರೂ ತಿಳಿಯುವುದಿಲ್ಲ. ಬೆರಳುದ್ದದ ಪ್ರೋಬನ್ನು ಪೈಪಿಗೆ ಒತ್ತಿ ಹಿಡಿದರೆ, ಕಿವಿಗೆ ಕೇಳದ ಒಂದು ಶಬ್ದ ಲೋಹದೊಳಗೆ ಹೋಗಿ ಮರಳಿ ಬರುತ್ತದೆ. ಅದರಿಂದ ಯಂತ್ರವು ಎಷ್ಟು ದಪ್ಪ ಉಳಿದಿದೆ ಎಂದು ಅಂಕಿ ತೋರಿಸುತ್ತದೆ. ಪ್ರೋಬಿನ ಕೆಳಗೆ ಗಾಳಿ ಸೇರದಂತೆ ಜೆಲ್ ಹಚ್ಚಬೇಕು. ಬಾಗಿನ ಮೇಲೆ ಕೈ ಸ್ವಲ್ಪ ಓರೆಯಾದರೂ ಅಂಕಿ ತಪ್ಪುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಮನುಷ್ಯನ ಮರ್ಯಾದೆಯೆಲ್ಲ ಅವನ ಕೈಯಲ್ಲಿರುತ್ತದೆ. ನಿನ್ನ ಕೈಗೆ ಆ ವಿಭಾಗದಲ್ಲಿ ಹೆಸರಿತ್ತು.

ಒಬ್ಬ ಹಿಡಿಯಬೇಕು, ಒಬ್ಬ ಬರೆಯಬೇಕು. ಪೈಪು ಒರೆಸುವುದು, ಜೆಲ್ ಹಚ್ಚುವುದು, ಪ್ರೋಬ್ ಹಿಡಿಯುವುದು — ಮೂರೂ ಹಿಡಿಯುವವನದೇ. ಬರೆಯುವವನು ಹಳದಿ ಹಗ್ಗದ ಆಚೆ ನಿಲ್ಲಬೇಕು, ಏನೇ ಆದರೂ ಹಗ್ಗ ದಾಟಬಾರದು. ಪೈಪಿನ ಹತ್ತಿರ ವಿಕಿರಣ ಹೆಚ್ಚು. ಎದೆಯ ಮೇಲಿನ ಬ್ಯಾಡ್ಜು ಯಾರು ಎಷ್ಟು ಡೋಸ್ ತೆಗೆದುಕೊಂಡರೆಂದು ಹೇಳುತ್ತದೆ. ಮಿತಿ ಹತ್ತಿರ ಬಂದರೆ ಒಳಗೆ ಬಿಡುವುದಿಲ್ಲ. ನನ್ನನ್ನು ಬಿಡದಿದ್ದರೆ ನನಗೆ ಮೇಜಿನ ಕೆಲಸ ಕೊಡುತ್ತಿದ್ದರು, ನಾನು ಕಂಪನಿಯ ಟೆಂಪರರಿ. ನೀನು ಕಾಂಟ್ರ್ಯಾಕ್ಟರನ ಮನುಷ್ಯ. ನಿನ್ನನ್ನು ಒಳಗೆ ಬಿಡದಿದ್ದರೆ ಅವನು ಊರಿಗೇ ಕಳಿಸುತ್ತಿದ್ದ.

ಪೈಪುಗಳ ತಪಾಸಣೆಗೆಂದು ಸ್ಥಾವರ ನಿಲ್ಲಿಸುವ ಆ ವರ್ಷದ ಶಟ್‌ಡೌನಿನಲ್ಲಿ ನಿನ್ನ ಡೋಸ್ ಮಿತಿಯ ಹತ್ತಿರ ಬಂದಿತ್ತು. ನಿನ್ನ ಮಗಳಿಗೆ ಆಗ ಎಂಟು ವರ್ಷ, ಅವಳ ಶಾಲೆಯ ಫೀ ತುಂಬುವವರೆಗಾದರೂ ಕೆಲಸ ಉಳಿಯಬೇಕು ಎಂದು ನೀನು ಹೇಳುತ್ತಿದ್ದೆ. ಆಗ ನಾನೇ ಹೇಳಿದ್ದು: "ಮುಯ್ಯಾ ಮಾಡೂಣು ಬಾರೊ." ಮುಯ್ಯಿ ಎಂದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು — ಇವತ್ತು ನಿನ್ನ ಹೊಲಕ್ಕೆ ನಾನು ದುಡಿಯಲು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ, ಕೂಲಿಯ ಮಾತಿಲ್ಲ. ನಾನು ಹಗ್ಗ ದಾಟಿ ಬಂದು ಒರೆಸಿ ಜೆಲ್ ಹಚ್ಚಿ ಹಿಂದೆ ಸರಿಯುತ್ತೇನೆ, ನೀನು ಬಂದು ಬರೀ ಪ್ರೋಬ್ ಹಿಡಿ. ಅರ್ಧ ಹೊತ್ತು ಉಳಿಯುತ್ತದೆ, ಅರ್ಧ ಡೋಸ್ ನನಗೆ. ಮುಂದೆ ನನಗೆ ಬೇಕಾದಾಗ ನೀನು ಬಾ. ಸ್ಥಾವರದವರ ದೃಷ್ಟಿಯಲ್ಲಿ ಇದು ದೊಡ್ಡ ತಪ್ಪು. ಬೇರೆ ಊರಿನ ಯಾರ ತಲೆಗೂ ಇಂಥ ಆಲೋಚನೆ ಹೊಳೆಯುತ್ತಿರಲಿಲ್ಲ. ವಿಕಿರಣವನ್ನೂ ಕಳೆ ತೆಗೆಯುವ ಕೆಲಸದ ಹಾಗೆ ಹಂಚಿಕೊಳ್ಳಬಹುದು ಎಂದುಕೊಂಡವರು ನಾವಿಬ್ಬರೇ ಇರಬೇಕು.

ನೀನು ನಕ್ಕಿದ್ದೆ. ನಕ್ಕು ಹೇಳಿದ ಮಾತು ನನಗೆ ಈಗಲೂ ಹಾಗೇ ಕೇಳಿಸುತ್ತದೆ. "ನಮ್ಮಪ್ಪಗ ಯಾರೂ ಮುಯ್ಯಾ ಮಾಡಿಲ್ಲೋ ಬಸೂ. ಮುಯ್ಯಾ ಮಾಡಾಕ ಹೊಲ ಇರಬೇಕಲ್ಲ. ನಮ್ಮನ್ನ ಕೂಲಿಗೆ ಕರದಾರ, ಮುಯ್ಯಾಕ ಯಾರೂ ಕರದಿಲ್ಲ. ನಮ್ಮ ಮನಿತನಕ್ಕ ನೀನ ಮೊದಲನೇ ಮುಯ್ಯಾಳ ನೋಡು."

ಮೊದಲನೆಯ ಮುಯ್ಯಾಳು. ಅಯ್ಯೋ, ಎಂಥ ಮುಯ್ಯಾಳು ಸಿಕ್ಕೆ ನಿನಗೆ!

ಆ ದಿನ ನಾವು ಅಳೆಯಬೇಕಿದ್ದದ್ದು ಮೇಲಿನ ಅಂತಸ್ತಿನ, ಇಕ್ಕಟ್ಟಾದ ಜಾಗದ ಒಂದು ಬಾಗು. ಮೈ ಮುಚ್ಚುವ ಬಟ್ಟೆಯೊಳಗೆ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದೆವು. ನಾನು ಹಗ್ಗ ದಾಟಿದೆ, ಒರೆಸಿದೆ, ಹೆಬ್ಬೆರಳಿನಿಂದ ಜೆಲ್ ಹಚ್ಚಿದೆ — ದಪ್ಪಗೆ, ಎಲ್ಲೂ ಗುಳ್ಳೆ ಇಲ್ಲದಂತೆ. ನಿನಗೆ ಜಾಗ ಬಿಟ್ಟೆ. ಹಿಂದೆ ಹೋಗಲಿಲ್ಲ, ಅಲ್ಲೇ ಪಕ್ಕದಲ್ಲಿ ನಿಂತೆ, ಬೇಗ ಮುಗಿಯಲಿ ಎಂದು. ನೀನು ಪ್ರೋಬ್ ಇಟ್ಟೆ. ಅಂಕಿ ಬಂತು. ಹೋದ ಸಲದ ಅಂಕಿಗಿಂತ ಬಹಳ ಕಡಿಮೆ. ನೀನು ನನ್ನ ಕಡೆ ನೋಡಿ ಮತ್ತೆ ಇಟ್ಟೆ. ಅದೇ ಅಂಕಿ. ಮೂರನೆಯ ಸಲ ಇಟ್ಟಾಗ ನಾನು ಯಂತ್ರ ಬಿಟ್ಟು ನಿನ್ನ ಕೈಯನ್ನೇ ನೋಡಿದೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಅದೇ ಅಂಕಿ. ಮೂರನ್ನೂ ಬರೆದುಕೊಂಡೆ.

ಸಂಜೆ ನಮ್ಮ ವಿಭಾಗದ ಸಾಹೇಬರು ಇಬ್ಬರನ್ನೂ ಕರೆಸಿದರು. ಅವರು ಮೈಸೂರು ಕಡೆಯವರು, ಕೆಟ್ಟವರೇನಲ್ಲ. ನನ್ನ ಹೆಂಡತಿ ಕಸ್ತೂರಿಗೆ ಜ್ವರ ಬಂದಾಗ ತಮ್ಮ ಕಾರು ಕಳಿಸಿದ್ದರು. ಆದರೆ ಶಟ್‌ಡೌನಿನ ದಿನಗಳು ಮೀರಿದ್ದವು, ಮೇಲಿನಿಂದ ಫೋನು ನಿಲ್ಲುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಲೈಸೆನ್ಸ್. ಸ್ಥಾವರದ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣದ ಕಡತದಲ್ಲಿ ನಮ್ಮ ಈ ಅಳತೆಗಳೇ ಮೊದಲ ಪುಟಗಳಾಗಿ ಹೋಗಬೇಕಿತ್ತು. ಒಂದೇ ಒಂದು ಅಂಕಿ ಕೆಟ್ಟರೆ ಪೈಪು ಕತ್ತರಿಸಬೇಕು, ಮತ್ತೆ ತಿಂಗಳುಗಟ್ಟಲೆ ನಿಲ್ಲಬೇಕು.

"ಹೋದ್ಸಲಕ್ಕೂ ಈ ಸಲಕ್ಕೂ ಇಷ್ಟು ವ್ಯತ್ಯಾಸ ಹೆಂಗಪ್ಪಾ ಬರತ್ತೆ? ಜೆಲ್ ಯಾರು ಹಚ್ಚಿದ್ದು?" ಎಂದು ಅವರು ಕೇಳಿದರು.

ಹಚ್ಚಿದ್ದು ನಾನು ಎಂದರೆ ಹಗ್ಗ ದಾಟಿದ್ದು ಹೊರಗೆ ಬರುತ್ತದೆ. ಹಗ್ಗ ದಾಟಿದವನನ್ನು ಪರ್ಮನೆಂಟ್ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಹೋದ ತಿಂಗಳಷ್ಟೇ ನೋಟಿಸು ಹಚ್ಚಿದ್ದರು. ನನ್ನ ಹೆಸರು ಆ ಪಟ್ಟಿಯಲ್ಲಿತ್ತು. ಆದೇಶ ಇವತ್ತು ನಾಳೆ ಎನ್ನುವ ಹಾಗಿತ್ತು — ನಲವತ್ತೈದು ದಾಟಿದವನಿಗೆ ಅದೇ ಕೊನೆಯ ಅವಕಾಶ. ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿಬಿಟ್ಟೆ.

"ನಾನ ಹಚ್ಚೀನ್ರಿ ಸರ."

ನನ್ನನ್ನು ಉಳಿಸಲು ಹೇಳಿದೆ. ಮುಯ್ಯಿ ತೀರಿಸಿದೆ. ಅಷ್ಟಕ್ಕೇ ಸಾಹೇಬರು ಬಿಟ್ಟಿದ್ದರೆ — ಬಿಡಲಿಲ್ಲ. ಜೆಲ್ ಕಡಿಮೆಯಾಗಿರಬೇಕು, ನಾಳೆ ಸುರಕ್ಷತಾ ವಿಭಾಗದವರನ್ನು ಕರೆದು ಎಲ್ಲ ಕೇಳೋಣ, ಬ್ಯಾಡ್ಜುಗಳನ್ನೂ ನೋಡೋಣ ಎಂದರು. ಬ್ಯಾಡ್ಜು ನೋಡಿದರೆ ನನ್ನದರಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಡೋಸ್ ಕಾಣುತ್ತಿತ್ತು. ಆ ಕ್ಷಣಕ್ಕೆ ಅವರು ನನ್ನ ಕಡೆ ತಿರುಗಿದರು.

"ಬಸವರಾಜ್, ನೀವು ನೋಡ್ತಾ ಇದ್ರಲ್ಲ. ಇವನ ಕೈ ಸರಿಯಾಗಿ ನಿಂತಿತ್ತಾ?"

ಅವರು ಕೇಳಿದ್ದು ನನ್ನನ್ನು, ನಿನ್ನನ್ನಲ್ಲ. ನಿನ್ನ ಕೈಯ ವಿಷಯ ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ, ಅದು ನನಗೆ ಅನುಕೂಲವೇ ಆಯಿತು. ಅವರಿಗೆ ಒಂದು ಕಾರಣ ಬೇಕಿತ್ತು, ನನಗೆ ಜೆಲ್ಲಿನ ಮಾತು ಅಲ್ಲಿಗೇ ಮುಗಿಯುವುದು ಬೇಕಿತ್ತು.

"ಅಲುಗಿತ್ತು ಸರ್," ಎಂದೆ.

ಎರಡೇ ಪದ. ಸಾಹೇಬರು ನಿಟ್ಟುಸಿರು ಬಿಟ್ಟು, ಕೆಂಪು ಪೆನ್ನಿನಿಂದ ಆ ಮೂರು ಅಂಕಿಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಅಳೆದವನ ತಪ್ಪು" ಎಂದು ಬರೆದರು. ಹಳೆಯ ಅಂಕಿಯನ್ನೇ ಇಟ್ಟುಕೊಂಡರು. ನಾನು ಕೆಳಗೆ ಸಹಿ ಮಾಡಿದೆ.

ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನೀನು ನನ್ನ ಕೈ ಹಿಡಿದು ನಿಲ್ಲಿಸಿದೆ. ಬೈಯುತ್ತೀಯ ಎಂದುಕೊಂಡೆ. ಬೈದಿದ್ದರೆ, ದೇವರಾಣೆ, ನಾನು ಅಲ್ಲೇ ಎಲ್ಲ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೀನು ಬೈಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದೆ.

"ಖರೇನ ಅಲಗಿತ್ತೇನೋ?"

"ಹೂಂ. ಒಂದೀಟ."

"ನನಗ ಗೊತ್ತಾಗಲೇ ಇಲ್ಲ ನೋಡು." ನೀನು ಅಂಗೈ ಮೇಲೆ ಮಾಡಿ ನೋಡಿಕೊಂಡೆ. ಆಮೇಲೆ ನನ್ನ ಬೆನ್ನು ತಟ್ಟಿದೆ. "ಜಾಊ ದೇ ಬಸೂ, ಹೋಗ್ಲಿ ಬಿಡು. ಇದ್ದದ್ದ ಹೇಳಿದಿ, ತಪ್ಪೇನೈತಿ ಅದರಾಗ."

ಇದ್ದದ್ದು ಹೇಳಿದೆನಂತೆ ನಾನು! ಸಾಹೇಬರಿಗೆ ಹೇಳಿದ ಸುಳ್ಳಿಗೆ ಹೆದರಿಕೆಯ ನೆಪವಾದರೂ ಇದೆ. ನಿನಗೆ ಹೇಳಿದ ಆ "ಹೂಂ"ಗೆ ಏನಿದೆ? ಅಲ್ಲಿ ಯಾರೂ ಇರಲಿಲ್ಲ. ಒಂದು ಮಾತು ಸಾಕಾಗಿತ್ತು. ಕೆಲಸ ಹೋದರೂ ನಿನ್ನ ಕೈ ನಿನಗೆ ಉಳಿಯುತ್ತಿತ್ತು. ಅದನ್ನೂ ಕಿತ್ತುಕೊಂಡೆ, ಏಕೆಂದರೆ — ನೀನು ನನ್ನನ್ನು ಒಳ್ಳೆಯವನೆಂದು ನಂಬಿಕೊಂಡೇ ಹೋಗಲಿ ಎಂಬ ಆಸೆ ಇತ್ತು. ಇಷ್ಟು ನಾಚಿಕೆಗೇಡಿನ ಮಾತನ್ನು ಬರೆಯಲು ನನಗೆ ಇವತ್ತು ಮೂರು ಸಲ ಪೆನ್ನು ಕೆಳಗಿಡಬೇಕಾಯಿತು.

ನಿನ್ನ ತಪಾಸಣೆಯ ಸರ್ಟಿಫಿಕೇಟು ತಡೆಹಿಡಿದರು. ಕಾಂಟ್ರ್ಯಾಕ್ಟರ್ ಗೇಟ್ ಪಾಸ್ ತೆಗೆದುಕೊಂಡ. ನೀನು ರೈಲು ಹತ್ತುವ ದಿನ ನಾನು ಡ್ಯೂಟಿಯ ನೆಪ ಹೇಳಿ ಸ್ಟೇಶನ್ನಿಗೆ ಬರಲಿಲ್ಲ. ಅದಾದ ಎಂಟನೆಯ ದಿನಕ್ಕೆ ನನ್ನ ಪರ್ಮನೆಂಟ್ ಆದೇಶ ಬಂತು, ಕಸ್ತೂರಿ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಪೇಢೆ ಹಂಚಿದಳು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ಎರಡು ತಿಂದೆ.

ಇಲ್ಲಿಯವರೆಗಿನದು ನನ್ನ ಮೊದಲನೆಯ ತಪ್ಪು. ಎರಡನೆಯದು ನಿನಗೆ ಗೊತ್ತೇ ಇಲ್ಲ, ಅದು ಇನ್ನೂ ದೊಡ್ಡದು.

ಮುಂದಿನ ವರ್ಷ ಲೈಸೆನ್ಸ್ ನವೀಕರಣದ ಚರ್ಚೆ ನಡೆಯಿತು. ಉದ್ದನೆಯ ಮೇಜು, ಒಂದು ಕಡೆ ಸ್ಥಾವರದ ದೊಡ್ಡವರು, ಇನ್ನೊಂದು ಕಡೆ ಸಮಿತಿಯವರು. ಕಡತ ಹುಡುಕಿ ಕೊಡಲು ಹಿಂದಿನ ಕುರ್ಚಿಯಲ್ಲಿ ನಾನಿದ್ದೆ. ಎರಡು ದಿನ ಕೇಳಿದೆ. ಸ್ಥಾವರದವರು ಹೇಳುವುದರಲ್ಲೂ ನ್ಯಾಯವಿತ್ತು — ಯಂತ್ರ ಹಳೆಯದಾದರೂ ಕೇಬಲ್ಲು, ಪಂಪು, ಕವಾಟ ಎಲ್ಲ ಬದಲಾಯಿಸುತ್ತಲೇ ಬಂದಿದ್ದೇವೆ. ನಿಲ್ಲಿಸಿದರೆ ಇಷ್ಟು ಊರಿನ ದೀಪಕ್ಕೆ ಬೇರೆಲ್ಲೋ ಕಲ್ಲಿದ್ದಲು ಸುಡಬೇಕು. ಹೊಸದು ಕಟ್ಟುವುದಕ್ಕಿಂತ ಇದ್ದದ್ದನ್ನು ಚೆನ್ನಾಗಿಟ್ಟುಕೊಂಡು ಇನ್ನಷ್ಟು ವರ್ಷ ನಡೆಸುವುದೇ ಮೇಲು ಎನ್ನುತ್ತಿದ್ದರು. ಸಮಿತಿಯವರು ಬೇಡ ಎನ್ನುತ್ತಿರಲಿಲ್ಲ. ಎಷ್ಟು ಹಳೆಯದಾಗಿದೆ ಎಂಬುದು ನಿಮಗೆ ಗೊತ್ತಿದೆ ಎಂದು ತೋರಿಸಿ, ಆಮೇಲೆ ಕೇಳಿ ಎನ್ನುತ್ತಿದ್ದರು. ಮಾತು ಬಿಸಿಯಾಗುತ್ತಿತ್ತು, ಚಹಾ ಬಂದು ತಣ್ಣಗಾಗುತ್ತಿತ್ತು. ಊರಲ್ಲಿ ಜನ ತಿಳಿದುಕೊಂಡಂತೆ ಲೈಸೆನ್ಸ್ ಎಂದರೆ ಗಾಡಿಯ ಲೈಸೆನ್ಸಿನ ಹಾಗೆ ಒಂದು ಫೋಟೋ, ಒಂದು ಠಸ್ಸೆ ಅಲ್ಲ. ಪುಟ ಪುಟಕ್ಕೂ ಪ್ರಶ್ನೆ.

ಸಮಿತಿಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದರು. ಬಿಳಿ ಕೂದಲು, ನೂಲಿನ ಸೀರೆ, ಕತ್ತಿಗೆ ದಾರ ಹಾಕಿ ಇಳಿಬಿಟ್ಟ ಕನ್ನಡಕ. ಎರಡನೆಯ ದಿನ ಮಧ್ಯಾಹ್ನ, ಎಲ್ಲರೂ ಮುಗಿಯಿತೆಂದು ಕಾಗದ ಮಡಚುವಾಗ, ಅವರು ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿದರು: ಈ ಮೂರು ಅಂಕಿಗಳನ್ನು ಯಾಕೆ ಹೊಡೆದು ಹಾಕಿದ್ದೀರಿ?

ಅಳೆದವನ ಕೈ ಅಲುಗಿತ್ತು ಎಂದು ಸಾಹೇಬರು ಹೇಳಿದರು.

ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಅಲುಗುವ ಕೈಗೆ ಮೂರು ಸಲವೂ ಒಂದೇ ಅಂಕಿ ಹೇಗೆ ಬರುತ್ತದೆ, ಎಂದು ಕೇಳಿದರು.

ಮಿಲಿಂದ, ನಿನ್ನ ಪರವಾಗಿ ಈ ಜಗತ್ತಿನಲ್ಲಿ ಒಬ್ಬರು ಮಾತಾಡಿದರು — ನಿನ್ನ ಮುಖ ನೋಡದ, ನಿನ್ನ ಹೆಸರು ಗೊತ್ತಿಲ್ಲದ ಒಬ್ಬ ಹೆಂಗಸು. ಪಕ್ಕದಲ್ಲಿ ನಿಂತು ನೋಡಿದವನು ಹಿಂದಿನ ಕುರ್ಚಿಯಲ್ಲಿ ಕಡತ ಎದೆಗವುಚಿಕೊಂಡು ಸುಮ್ಮನೆ ಕುಳಿತಿದ್ದ.

ಆ ಬಾಗನ್ನು ಹೊರಗಿನವರಿಂದ ಮತ್ತೆ ಅಳೆಸುವವರೆಗೆ ಲೈಸೆನ್ಸ್ ಇಲ್ಲ ಎಂದು ಬರೆದರು. ಅಳೆಸಿದರು. ನಿನ್ನ ಅಂಕಿಗಿಂತ ಕೂದಲೆಳೆಯಷ್ಟು ಕಡಿಮೆಯೇ ಬಂತು — ನಡುವಿನ ತಿಂಗಳುಗಳಲ್ಲಿ ಸವೆದದ್ದು. ಪೈಪು ಕತ್ತರಿಸಿ ಹೊಸದು ಹಾಕಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ನಿನ್ನ ಅಂಕಿಗೆ ಗೆರೆ ಎಳೆದ ದಿನದಿಂದ ಅಲ್ಲಿಯವರೆಗೆ ಆ ಸವೆದ ಪೈಪಿನ ಪಕ್ಕದಲ್ಲಿ ದಿನವೂ ಜನ ಓಡಾಡಿದ್ದರು. ನಾನೂ ಓಡಾಡಿದ್ದೆ. ಆಮೇಲೆ ಲೈಸೆನ್ಸ್ ಬಂತು, ಎಲ್ಲರೂ ಕೈ ಕುಲುಕಿದರು.

ಹೋಗುವ ಮೊದಲು ಆ ಹೆಂಗಸು ಸಾಹೇಬರಿಗೆ ಒಂದು ಮಾತು ಹೇಳಿ ಹೋದರು. ಮೊದಲು ಅಳೆದವನು ಈಗ ಎಲ್ಲಿದ್ದಾನೋ ಅಲ್ಲಿಗೆ ತಿಳಿಸಿ, ಅವನ ಅಂಕಿ ಸರಿಯಿತ್ತು ಎಂದು. ಸಾಹೇಬರು ನನ್ನನ್ನು ಕರೆದರು. "ನಿಮ್ಮ ಕಡೆಯವನಲ್ವಾ ಅವನು? ನೀವೇ ಹೇಳ್ಬಿಡಿ. ಬೇಕಾದ್ರೆ ವಾಪಸ್ ಬರ್ಲಿ, ಸರ್ಟಿಫಿಕೇಟ್ ಕೊಡ್ಸೋಣ."

ಹೂಂ ಸರ್ ಎಂದೆ. ಹದಿಮೂರು ವರ್ಷವಾಯಿತು. ನಿನಗೆ ಸೇರಬೇಕಾದ ಆ ಮಾತು ನನ್ನ ಹತ್ತಿರವೇ ಉಳಿದಿದೆ.

ಹೇಳಲು ಹೊರಡಲಿಲ್ಲ ಎಂದಲ್ಲ. ನಿನ್ನ ಅಂಕಿ ಸರಿಯಿತ್ತು ಎಂದರೆ, "ಹಂಗಾರ ಕೈ ಅಲಗಿತ್ತ ಅಂತ ಯಾಕ ಹೇಳಿದಿ" ಎಂದು ನೀನು ಕೇಳುತ್ತೀಯ. ಆ ಒಂದು ಪ್ರಶ್ನೆಗೆ ಹೆದರಿ ಪ್ರತಿ ದೀಪಾವಳಿಗೂ ಮುಂದೂಡಿದೆ. ಐದು ವರ್ಷದ ಹಿಂದೆ ಒಮ್ಮೆ ಗಟ್ಟಿ ಮನಸ್ಸು ಮಾಡಿ ಜುಗೂಳದ ನಿನ್ನ ಮೋಟಾರು ರಿಪೇರಿ ಅಂಗಡಿಗೆ ಬಂದೆ. ಹೊಳೆಯ ಪಂಪುಗಳ ಸುಟ್ಟ ಮೋಟಾರುಗಳು ಬಾಗಿಲವರೆಗೂ ತುಂಬಿದ್ದವು. ಕುಳಿತು ತಂತಿ ಸುತ್ತುತ್ತಿದ್ದವಳು ನಿನ್ನ ಮಗಳು ಸುಜಾತಾ. ನೀನು ಬೇರಿಂಗ್ ಕೀಳುತ್ತ, ಬೋಲ್ಟ್ ಬಿಗಿಯುತ್ತ ಓಡಾಡುತ್ತಿದ್ದೆ.

"ನೀ ಯಾಕ ಸುತ್ತಂಗಿಲ್ಲೋ?" ಎಂದು ಸುಮ್ಮನೆ ಕೇಳಿದೆ.

"ಸಣ್ಣ ಕೆಲಸ ನನ್ನ ಕೈಲೆ ಬ್ಯಾಡ ಮಾರಾಯಾ. ಮೊದಲ ನಮ್ಮಾಕಿ ಸುತ್ತತಿದ್ಲು, ಈಗ ಮಗಳು. ನನ್ನ ಕೈ ನಂಬಾಕ ಬರಂಗಿಲ್ಲ, ನಿನಗ ಗೊತ್ತೈತೆಲ್ಲ," ಎಂದು ನೀನು ನಕ್ಕೆ. ಊಟ ಹಾಕಿಸಿದೆ. ಬಸ್ಸಿನವರೆಗೂ ಬಂದು ಬಿಟ್ಟು ಹೋದೆ. ನಾನು ಹೇಳಲಿಲ್ಲ.

ಹೋದ ರವಿವಾರ ನೀನೇ ರಾಯಬಾಗದ ನನ್ನ ಮನೆಗೆ ಬಂದೆ. ಬಾಗಿಲಲ್ಲೇ "ಜೈ ಭೀಮ್ ಬಸೂ" ಎಂದು ಕೂಗಿ ಒಳಗೆ ಬಂದು, ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಆಯ್ಕೆಯಾಗಿದ್ದೀಯ ಎಂದು ಸುಜಾತಾಳಿಗೆ ಬಂದ ಪತ್ರ. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗಿ ಯಾರನ್ನೂ ಕೇಳದೆ ಅರ್ಜಿ ಹಾಕಿದ್ದಾಳೆ, ಪೈಪು ಮತ್ತು ಬೆಸುಗೆಯ ತಪಾಸಣೆಯ ಕೆಲಸಕ್ಕೆ, ತರಬೇತಿ ಅವರೇ ಕೊಡುತ್ತಾರಂತೆ. ಹಳೆಯ ಸ್ಥಾವರಗಳ ಆಯುಷ್ಯ ಹೆಚ್ಚಿಸುವ ಮಾತು ಈಗ ಟಿವಿಯಲ್ಲಿ, ಪೇಪರಿನಲ್ಲಿ ಎಲ್ಲ ಕಡೆ ಇದೆ. ಅದಕ್ಕೆಲ್ಲ ಅಳೆಯುವ ಕೈ ಬೇಕು. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕಂತೆ. ನೀನು ಬೇಡ ಎಂದಿದ್ದೀಯ. ಮೂರು ದಿನದಿಂದ ಅವಳು ನಿನ್ನ ಜೊತೆ ಮಾತು ಬಿಟ್ಟಿದ್ದಾಳೆ.

"ನೀ ಹೇಳಿದ್ರ ಕೇಳ್ತಾಳ ಆಕಿ," ಎಂದೆ ನೀನು. "ನಾ ಹೇಳಿದ್ರ ಅಪ್ಪಗ ಹೆದರಿಕಿ ಅಂತಾಳ. ನೀ ಕಣ್ಣಲೆ ನೋಡಿದಾಂವ ಅದಿ. ನಿಮ್ಮಪ್ಪನ ಕೈ ಹೆಂಗ ಅಲಗಿತ್ತ ಅಂತ ಒಂದ ಮಾತ ಹೇಳಿ ಬಾ. ನಮ್ಮ ಮನಿತನದ ಕೈಗಿ ಆ ಕೆಲಸ ಅಲ್ಲೋ ಬಸೂ. ನನಗಾದ ಅವಮಾನ ಆಕಿಗಿ ಆಗೂದು ಬ್ಯಾಡ."

ಕಸ್ತೂರಿ ಚಹಾ ತಂದಿಟ್ಟಳು. ನೀನು ಕಪ್ಪನ್ನು ಬಗ್ಗಿಸಿ ಬಶಿಗೆ ಸುರಿದುಕೊಂಡೆ, ಅಂಚಿನವರೆಗೆ ತುಂಬಿದ ಬಶಿಯನ್ನು ಒಂದೇ ಕೈಯಲ್ಲಿ ಎತ್ತಿ ಬಾಯಿಗೆ ಒಯ್ದೆ. ಒಂದು ಹನಿ ಚೆಲ್ಲಲಿಲ್ಲ. ನಾನು ನಿನ್ನ ಕೈಯನ್ನೇ ನೋಡುತ್ತ ಕುಳಿತಿದ್ದೆ. ಈ ಕೈಯನ್ನು ನಂಬಬೇಡ ಎಂದು ನಾನು ಒಬ್ಬನಿಗೆ ಕಲಿಸಿದೆ, ಅವನು ಅದನ್ನು ತನ್ನ ಮಗಳಿಗೆ ಕಲಿಸಲು ಹೊರಟಿದ್ದಾನೆ, ಮತ್ತು ಸಾಕ್ಷಿ ಹೇಳಲು ಮತ್ತೆ ನನ್ನನ್ನೇ ಕರೆಯುತ್ತಿದ್ದಾನೆ. "ಬರ್ತೀನಿ" ಎಂದೆ.

ನೀನು ಹೋದ ಮೇಲೆ ಕಸ್ತೂರಿಗೆ ಎಲ್ಲ ಹೇಳಿದೆ. ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಂದ್ರ ಇಷ್ಟ ವರ್ಷ ನಾವು ಅವರ ಪಾಲಿನ ಅನ್ನ ಉಂಡೇವಿ ಅನ್ರಿ," ಎಂದಳು. ಮೂರು ದಿನ ನನ್ನ ತಾಟಿಗೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ತಾನಾಗಿಯೇ ಈ ಬರೆಯುವ ಹಾಳೆ ತಂದುಕೊಟ್ಟಳು.

ಸ್ಥಾವರದ ಕಚೇರಿಗೆ ಮತ್ತು ಸಮಿತಿಗೆ ಬರೆದದ್ದರಲ್ಲಿ ಇಷ್ಟು ಸೇರಿಸಿದ್ದೇನೆ: ಹಗ್ಗ ದಾಟಿದವನು ನಾನು, ಜೆಲ್ ಹಚ್ಚಿದವನು ನಾನು, ಅಳೆದವನ ತಪ್ಪು ಏನೂ ಇರಲಿಲ್ಲ, ಆ ಕೆಂಪು ಅಕ್ಷರಗಳನ್ನು ತೆಗೆದು ಹಾಕಿ ಅವನ ಹೆಸರಿಗೆ ಪತ್ರ ಬರೆಯಿರಿ. ಬರೆಯುತ್ತಾರೋ ಇಲ್ಲವೋ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತಾರೋ ತೆಗೆದುಕೊಳ್ಳಲಿ.

ಮತ್ತೆ ಅಂಥ ಕೋಣೆಗಳಲ್ಲಿ ಅಂಥ ಉದ್ದನೆಯ ಮೇಜಿನ ಎರಡೂ ಕಡೆ ಜನ ಕೂರುತ್ತಾರೆ, ಇನ್ನೊಂದಿಷ್ಟು ವರ್ಷ ನಡೆಸಬಹುದೇ ಎಂದು ವಾದಿಸುತ್ತಾರೆ. ವಾದಿಸಲಿ, ಒಳ್ಳೆಯದು. ಆದರೆ ಅವರ ಮುಂದಿನ ಅಂಕಿಗಳೆಲ್ಲ ಯಾವುದೋ ಇಕ್ಕಟ್ಟಿನಲ್ಲಿ ಬೆವರುತ್ತ ಕುಳಿತ ಒಬ್ಬ ಮನುಷ್ಯನ ಕೈಯಿಂದ ಬಂದವು, ಮತ್ತು ಪಕ್ಕದಲ್ಲಿ ನಿಂತವನು ನಿಜ ಹೇಳಿದ್ದಾನೆ ಎಂಬ ನಂಬಿಕೆಯ ಮೇಲೆ ಬಂದವು. ಆ ಪಕ್ಕದವನು ನಾನಾಗಿದ್ದೆ ಎಂಬುದು ಅವರಿಗೂ ಗೊತ್ತಿರಲಿ.

ಕ್ಷಮಿಸು ಎಂದು ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಬೇಕೆಂದೇ ಬರೆದಿಲ್ಲ. ನೀನು ಬಹಳ ಬೇಗ ಕ್ಷಮಿಸುವವನು, "ಜಾಊ ದೇ" ಎನ್ನುವವನು, ಈ ಸಲ ಹಾಗೆ ಎನ್ನಬಾರದು. ಬೈಯಬೇಕು. ಅಂದು ಸೈಕಲ್ ಸ್ಟ್ಯಾಂಡಿನಲ್ಲಿ ಬೈಯಬೇಕಾದ್ದನ್ನೆಲ್ಲ ಬೈಯಬೇಕು.

ನಿನ್ನ ಈ ಪ್ರತಿಯನ್ನು ಪೋಸ್ಟಿಗೆ ಹಾಕುವುದಿಲ್ಲ. ನಾಳೆ ಶನಿವಾರ, ಬೆಳಗಿನ ಬಸ್ಸಿಗೆ ಜುಗೂಳಕ್ಕೆ ಬರುತ್ತೇನೆ. ಅಂಗಡಿಯ ಒಳಗೆ ಕರೆದರೂ ಕೂರುವುದಿಲ್ಲ. ಸುಜಾತಾಳನ್ನು ಕೆಲಸ ಬಿಟ್ಟು ಬಾ ಎಂದು ಕರೆಯುತ್ತೇನೆ, ನೀನು ಪಕ್ಕದಲ್ಲಿ ನಿಂತಿರಬೇಕು. ಮೊದಲು ಅವಳಿಗೆ ಬಾಯಿಂದ ಹೇಳಿ, ಆಮೇಲೆ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ. ಕಣ್ಣಲ್ಲಿ ನೋಡಿದವನು ಬಂದು ಒಂದು ಮಾತು ಹೇಳಲಿ ಎಂದು ನೀನೇ ಕೇಳಿದ್ದೆ. ಹೇಳುತ್ತೇನೆ.

"ಮಗಳ, ನಾ ಹಗ್ಗ ದಾಟಿ, ಮಗ್ಗಲಕ್ಕ ನಿಂತು ನೋಡೀನಿ. ನಿಮ್ಮಪ್ಪನ ಕೈ ಅಲಗಿಲ್ಲ."